ಪೆಡಲಿನ ಕಾಲು

ಸೋಮವಾರ, ಬೆಳಿಗ್ಗೆ

ತಮ್ಮಾ,

ಕ್ಷೇಮ ಸಮಾಚಾರದ ಸಾಲನ್ನು ಈ ಸಲ ಬಿಟ್ಟಿದ್ದೇನೆ. ನೀನು ಕ್ಷೇಮವಾಗಿಲ್ಲವೆಂದು ಇಬ್ಬರಿಗೂ ಗೊತ್ತಿರುವಾಗ ಆ ಸಾಲು ಏಕೆ? ಫೋನಿನಲ್ಲಿ ಹೇಳಿದರೆ, "ಆಯ್ತು ಬಿಡಕ್ಕಾ" ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಪರಿಹಾರದ ಕಚೇರಿಯ ಉತ್ತರವನ್ನು ನಿನ್ನ ಹೆಂಡತಿ ಓದಿ ಹೇಳಿದ ದಿನದಿಂದ ನನ್ನ ಸಿಟ್ಟು ಇಳಿದಿಲ್ಲ. ನಿನ್ನ ಬಲಗಾಲಿನ ತೊಂದರೆ ವಯಸ್ಸಿನಿಂದ ಬಂದದ್ದಂತೆ, ಕೆಲಸದಿಂದಲ್ಲವಂತೆ, ಆದ್ದರಿಂದ ಪರಿಹಾರವಿಲ್ಲವಂತೆ. ನಲವತ್ತೈದಕ್ಕೇ ನಿನಗೆ ವಯಸ್ಸಾಗಿದ್ದರೆ, ನಿವೃತ್ತಳಾದ ನನ್ನನ್ನು ಯಾವ ವಸ್ತುಸಂಗ್ರಹಾಲಯದಲ್ಲಿ ಇಡುತ್ತಾರೆ?

ಆದರೆ ಆ ಮಾತನ್ನು ಅವರ ಬಾಯಿಗೆ ಹಾಕಿದವನು ನೀನೇ. ಆ ಕಚೇರಿಯ ವೈದ್ಯರು ನಿನ್ನನ್ನು ಪರೀಕ್ಷಿಸಿದ ದಿನ ನಾನು ಪಕ್ಕದ ಕುರ್ಚಿಯಲ್ಲಿದ್ದೆ. ವೈದ್ಯರು "ಹೇಗಿದ್ದೀರಿ?" ಎಂದರು. "ಚೆನ್ನಾಗಿದೀನಿ ಸರ್, ಎಲ್ಲಾ ನಿಮ್ಮ ದಯೆ" ಎಂದೆ ನೀನು, ನೆಂಟರ ಮನೆಗೆ ಹೋದವನ ಹಾಗೆ! "ಕಾಲು ನೋಯುತ್ತಾ?" ಎಂದರು. "ಅಷ್ಟೇನಿಲ್ಲ ಸರ್, ವಯಸ್ಸಾಯ್ತಲ್ಲ" ಎಂದು ಹಲ್ಲು ಕಿರಿದೆ. ಅವರು ಬರೆದುಕೊಂಡರು. ನಾನು ಬಾಯಿ ತೆರೆದರೆ, "ಅಮ್ಮಾ, ಕಾಲು ನಿಮ್ಮದಾ, ಅವರದಾ?" ಎಂದು ಸುಮ್ಮನಾಗಿಸಿದರು. ಇಡೀ ತರಗತಿಯನ್ನು ಕಣ್ಣಿನಲ್ಲೇ ಸುಮ್ಮನಿರಿಸುತ್ತಿದ್ದವಳಿಗೆ ಸಂದ ಮರ್ಯಾದೆ ಅದು.

ನರಪರೀಕ್ಷೆಯ ವರದಿ ಸ್ಪಷ್ಟವಾಗಿದೆ: ಪಾದದ ಗಂಟಿನ ಒಳಬದಿಯಲ್ಲಿ ನರ ಒತ್ತಡಕ್ಕೆ ಸಿಕ್ಕಿದೆ. ಚರ್ಮ ಕತ್ತರಿಸುವ ಯಂತ್ರದ ಪೆಡಲನ್ನು ಹಗಲೆಲ್ಲ ನೀನು ತುಳಿದದ್ದು ಆ ಕಾಲಿನಿಂದಲೇ. ಎಡಗಾಲಿಗೆ ಏನೂ ಆಗಿಲ್ಲ. ವಯಸ್ಸೇ ಕಾರಣವಾದರೆ, ಎಡಗಾಲೇನು ಬಲಗಾಲಿಗಿಂತ ತಡವಾಗಿ ಹುಟ್ಟಿತೇ?

ನಮ್ಮ ಮೇಲ್ಮನವಿಯ ಮೇರೆಗೆ ಗುರುವಾರ ಬೇರೊಬ್ಬ ವೈದ್ಯರು ನೋಡುತ್ತಾರೆ. ಇದು ತಪ್ಪಿದರೆ ಇನ್ನು ಅವಕಾಶವಿಲ್ಲ. ಶಸ್ತ್ರಚಿಕಿತ್ಸೆಯೂ ಇಲ್ಲ, ಕುಳಿತು ಮಾಡುವ ಬೇರೆ ಕೆಲಸವೂ ಇಲ್ಲ. ಪುನಃ ಅದೇ ಪೆಡಲು.

ಅವರು ಹೇಗಿದ್ದೀರಿ ಎಂದರೆ ಅದು ಕುಶಲಪ್ರಶ್ನೆಯಲ್ಲ, ತಿಳಿಯಿತೇ? ಅಂಗಾಲು ಕೆಂಡ ತುಳಿದಂತೆ ಉರಿಯುತ್ತದೆಂದು ಹೇಳು. ಚಪ್ಪಲಿ ಕಳಚಿದ್ದು ತಿಳಿಯದೆ ಒಂದೇ ಚಪ್ಪಲಿಯಲ್ಲಿ ರಸ್ತೆ ದಾಟಿದ್ದನ್ನು ಹೇಳು. ಹೊದಿಕೆಯ ಅಂಚು ತಗುಲಿದರೂ ಬೆಚ್ಚಿ ಏಳುವುದನ್ನು ಹೇಳು. ಇವೆಲ್ಲ ನನಗೆ ಹೇಗೆ ತಿಳಿದವೆಂದು ಕೇಳಬೇಡ, ನೀನಂತೂ ಹೇಳಲಿಲ್ಲ.

ಕಚೇರಿಯ ಮೆಟ್ಟಿಲ ಬಳಿ ಕಾಯುತ್ತಿರುತ್ತೇನೆ. ಆ ಹಾಳು ನಗುವನ್ನು ಮನೆಯಲ್ಲೇ ಬಿಟ್ಟು ಬಾ.

ನಿನ್ನ ಮೇಲೆ ಸಿಟ್ಟಾಗುವ ಹಕ್ಕುಳ್ಳ,
ಅಕ್ಕ

ಮತ್ತೊಂದು ಮಾತು: ಗದರಿಸಿದ ಮೇಲೆ ನಿನ್ನ ಹೆಂಡತಿ ನಿಜ ಹೇಳಿದಳು. ಅಂದು ಮನೆಗೆ ಹೋಗಿ, "ಅಕ್ಕ ಪಕ್ಕದಲ್ಲೇ ಕೂತಿದ್ರು ಕಣೇ, ಅವರೆದುರು ಹೇಗೆ ಅಳ್ಲಿ?" ಎಂದೆಯಂತೆ. ಗುರುವಾರ ನಾನು ಹೊರಗಿನ ಬೆಂಚಿನಲ್ಲೇ ಕೂರುತ್ತೇನೆ. ಒಳಗೆ ಹೋದವನೇ ಬಾಗಿಲು ಮುಚ್ಚಿಕೊ. ಆ ಕೋಣೆಯ ಗೋಡೆ ದಪ್ಪವಾಗಿದೆ, ಹೊರಗೇನೂ ಕೇಳಿಸುವುದಿಲ್ಲ. ಶನಿವಾರವೇ ಹೋಗಿ ನೋಡಿಕೊಂಡು ಬಂದಿದ್ದೇನೆ.