ಬಾಣಂತನಕ್ಕೆ ಮುಂಚೆ ಬರೆದ ಪೈಥಾನ್

ಜೂನ್ 9, ಸೋಮವಾರ

ಬಂದವಳೇ ನೋಡಿದೆ — ಮತ್ತೆ ಬ್ಯಾಕಪ್ ಆಗಿಲ್ಲ. ಕರೆಂಟ್ ಹೋಗಿದೆ, ಫೈಲ್ ಕಾಪಿ ಮಾಡುವ ನನ್ನ ಹಳೆಯ ಸ್ಕ್ರಿಪ್ಟ್ ಅರ್ಧಕ್ಕೇ ನಿಂತಿದೆ. ಕೊಟ್ಟೂರಿನ ಈ ಕಾಲೇಜಿನ ಸರ್ವರ್ ನೋಡಿಕೊಳ್ಳುವವಳು ನಾನೊಬ್ಬಳೇ. ಮುಂದಿನ ತಿಂಗಳು ಹೆರಿಗೆ. ತೆಲಿಗಿಗೆ, ತವರಿಗೆ ಹೋದರೆ ಅವ್ವ ಫೋನ್ ಕೂಡ ಮುಟ್ಟಗೊಡುವುದಿಲ್ಲ. ಬಾಣಂತಿ ಪರದೆ ನೋಡಿದರೆ ಕಣ್ಣು ಹೋಗುತ್ತವಂತೆ. ಅಂದರೆ ನಾನಿಲ್ಲದಾಗ ಇನ್ನೊಬ್ಬರು ಓದಿ ನಡೆಸುವ ಹಾಗೆ ಎಲ್ಲವನ್ನೂ ಹೊಸದಾಗಿ ಬರೆಯಬೇಕು. ಯಾವ ಪ್ರೋಗ್ರಾಮಿಂಗ್ ಲ್ಯಾಂಗ್ವೇಜಿನಲ್ಲಿ?

ಜೂನ್ 12

ಕೇಳಿದ್ದೇ ತಪ್ಪಾಯಿತು. ಪ್ರಿನ್ಸಿಪಾಲ್ ವೀರಭದ್ರಯ್ಯನವರು: "ಜಾವಾ ಮಾಡ್ರಿ. ನಮ್ಮ ಅಳಿಯ ಅದರಾಗ ಅದಾನ." ನಾಲ್ಕು ಫೈಲ್ ಕಾಪಿ ಮಾಡಲು ಜಾವಾ! ಅಳಿಯನಿಗೆ ದೊಡ್ಡ ನಮಸ್ಕಾರ.

ಕಂಪ್ಯೂಟರ್ ಪಾಠ ಮಾಡುವ ಜಂಬುನಾಥ ಸರ್ ಬಾಗಿಲು ಮುಂದೆ ಮಾಡಿ ಪಿಸುಗುಟ್ಟಿದರು: "ಪರ್ಲ್‌ನಾಗ ಬರೀರಿ ಮೇಡಂ. ಯಾರಿಗೂ ತಿಳೀಬಾರ್ದು. ತಿಳಿದ್ರ ನಿಮ್ಮನ್ನ ವಾಪಸ್ ಯಾಕ ಕರೀತಾರ?"

ನಕ್ಕೆ. ಆಮೇಲೆ ನಗು ಬರಲಿಲ್ಲ. ನಾನು ಗುತ್ತಿಗೆಯವಳು... ರಜೆ ಮುಗಿಸಿ ಬಾ ಎಂದದ್ದು ಬರೀ ಬಾಯಿಮಾತು.

ಜೂನ್ 20, ಮಧ್ಯಾಹ್ನ

ಹಳೆಯ ಸ್ಕ್ರಿಪ್ಟಿನ ಭಾಷೆ ಬ್ಯಾಷ್ ಆದರೆ ನನಗೆ ಸಲೀಸು. ಆದರೆ ಆಫೀಸಿನವರು ಫೋಲ್ಡರಿಗೆ ಇಟ್ಟ ಹೆಸರು — "ರಿಸಲ್ಟ್ ಫೈನಲ್ ಹೊಸಾದು ಇದ ಖರೇದು". ನಡುನಡುವೆ ಜಾಗ. ಒಂದು ಕಡೆ ಆ ಹೆಸರಿನ ಸುತ್ತ ಕೋಟ್ಸ್ ಹಾಕುವುದು ಮರೆತೆ, ಸ್ಕ್ರಿಪ್ಟ್ ಅದನ್ನು ಐದು ಫೋಲ್ಡರ್ ಅಂದುಕೊಂಡು ಹುಡುಕಾಡಿತು. ಹಣೆ ಚಚ್ಚಿಕೊಂಡೆ.

ಸಾಕು. ಪೈಥಾನ್. ಪ್ರತಿ ಸಾಲಿನ ಪಕ್ಕ ಕನ್ನಡದಲ್ಲಿ ವಿವರಣೆ. ನನ್ನ ಬದಲಿಗೆ ಬಂದಿರುವ ಪ್ರಿಯಾ ಓದಿದಳು. "ಇಷ್ಟ ಏನ್ರಿ ಮೇಡಂ? ಎಲ್ಲಾ ತಿಳೀತು." ಖುಷಿಯಾಯಿತು. ಜಂಬುನಾಥ ಸರ್ ಮಾತೂ ನೆನಪಾಯಿತು.

ಆಗಸ್ಟ್ 31, ತೆಲಿಗಿ

ಮಗಳು. ಚೆನ್ನಾಗಿದ್ದಾಳೆ. ಅವ್ವ ನನ್ನ ಕಿವಿಗೆ ಬಟ್ಟೆ ಕಟ್ಟಿ ಕತ್ತಲ ಕೋಣೆಯಲ್ಲಿ ಕೂರಿಸಿದ್ದಾಳೆ, ಪೆನ್ನು ಕೈಗೆ ಸಿಕ್ಕಿದ್ದೇ ಇವತ್ತು. ಕಾಲೇಜಿನಿಂದ ಒಂದು ಫೋನೂ ಬಂದಿಲ್ಲವಂತೆ. ಒಂದೂ? ಸ್ಕ್ರಿಪ್ಟ್ ಅಷ್ಟು ಚೆನ್ನಾಗಿ ನಡೆಯುತ್ತಿದೆಯೇ, ಹಾಳಾದ್ದು!

ಸೆಪ್ಟೆಂಬರ್ 2

ಪ್ರಿಯಾ ಫೋನ್. ಅವ್ವ ಹಿತ್ತಲಲ್ಲಿದ್ದಳು, ನಾನೇ ಎತ್ತಿದೆ.

"ಕರೆಂಟ್ ಹೋಗಿ ಬಂದ್ರೂ ನಿಮ್ಮ ಸ್ಕ್ರಿಪ್ಟ್ ತಾನ ಮತ್ತ ಶುರು ಆಗತೈತ್ರಿ ಭೂಮಿಕಾ ಮೇಡಂ. ಒಂದು ಮಾತು... ಪ್ರಿನ್ಸಿಪಾಲರು ನನಗ ಕಾಯಂ ಇರು ಅಂದ್ರು. ನೀವು ಬರೂದಿಲ್ಲಂತ. ಹೌದೇನ್ರಿ?"

ಅಂಥ ಮಾತು ನಾನು ಆಡಿಯೇ ಇಲ್ಲ. ಹಾಗೆಂದೇ ಹೇಳಿದೆ. ಅವಳು ದನಿ ತಗ್ಗಿಸಿದಳು. "ನಾ ಇನ್ನಾ ಸಹಿ ಮಾಡಿಲ್ರಿ. ಇವತ್ತ ಮಾತಾಡ್ರಿ."

ಅರ್ಥವಾಗುವ ಹಾಗೆ ಬರೆದದ್ದು ನನ್ನ ತಪ್ಪೇ? ಅಲ್ಲ. ಅಲ್ಲವೇ ಅಲ್ಲ.

ಅವ್ವ ಒಳಗೆ ಬಂದಳು. "ಫೋನ್ ಕೆಳಗಿಡು ಮೊದ್ಲ, ಕಣ್ಣು ಹೋಗ್ತಾವ!" ಮಗುವನ್ನು ಅವಳ ಕೈಗೆ ಕೊಟ್ಟೆ. ಪ್ರಿನ್ಸಿಪಾಲರ ನಂಬರ್ ಒತ್ತಿ ಸ್ಪೀಕರ್ ಹಾಕಿದ್ದೇನೆ. ಅವರು ಆಡುವ ಒಂದೊಂದು ಮಾತನ್ನೂ ಇಲ್ಲೇ ಬರೆದುಕೊಳ್ಳುತ್ತೇನೆ. ರಿಂಗ್ ಆಗುತ್ತಿದೆ... ಎತ್ತಿದರು.

"ಹಲೋ, ಯಾರ್ರಿ?"

ಯಾರಂತೆ! ನನ್ನ ನಂಬರನ್ನೂ ಆಗಲೇ ಅಳಿಸಿದ್ದಾರೆ. "ನಾನ್ರಿ ಸರ್, ಭೂಮಿಕಾ, ರಜಾ ಮುಗಿಸಿ ನಾ ಬರಾಕಿನ!" ಎಂದೆ.