ಕುಬಸದ ದಿನದ ಫೋಟೋ

೭ ಫೆಬ್ರವರಿ ೨೦೦೫, ಸೋಮವಾರ

ಎಂಟು ಬ್ಲೌಸು, ಎರಡು ಫಾಲ್. ಸ್ಕೂಲ್ ಯೂನಿಫಾರ್ಮಿನ ಬಿಳಿ ಬಟ್ಟೆ ಒಳಗೇ ಇಟ್ಟು ಕತ್ತರಿಸಿದೆ. ಹೊರಗಿಟ್ಟರೆ ಅರ್ಧ ಗಂಟೆಗೆ ಕೆಂಪು. ಬೆಳಗಿನಿಂದ ಅದಿರು ಲಾರಿಗಳ ಸಾಲು. ಸಂಡೂರಿನ ಗುಡ್ಡವೇ ಧೂಳಾಗಿ ನಮ್ಮ ಹೊಸಪೇಟೆಯ ಚಿತ್ತವಾಡ್ಗಿಗೆ ಬರುತ್ತಿದೆ. ನಾನು ಸಂಡೂರಿಗೆ ಹೋಗಲು ಪರ್ಮಿಶನ್ ಬೇಕು, ಗುಡ್ಡ ಇಲ್ಲಿಗೆ ಬರಲು ಬೇಡ.

ಮಧ್ಯಾಹ್ನ ಹೆಡ್ ಕಾನ್‌ಸ್ಟೇಬಲ್ ಮೂಕಣ್ಣ ಬಂದರು. ವರ್ಷದ ಚೆಕಿಂಗ್.

"ಅದೀರೇನ್ರಿ ಶರೀಫಾಬಿ?"

"ಎಲ್ಲಿ ಹೋಗ್ಲಿ ಬಿಡ್ರಿ."

ಇಪ್ಪತ್ತೆರಡು ವರ್ಷದಿಂದ ಇದೇ ಪ್ರಶ್ನೆ, ಇದೇ ಉತ್ತರ, ಒಂದು ಕಪ್ ಚಹಾ. ಇವತ್ತು ಹೋಗುವಾಗ ಬಾಗಿಲಲ್ಲಿ ನಿಂತರು. "ವರ್ಷಾ ವರ್ಷಾ ಯಾಕ ಒದ್ದಾಡ್ತೀರಿ? ಪೌರತ್ವಕ್ಕ ಅರ್ಜಿ ಹಾಕ್ರಿ. ನಾ ಜೂನ್‌ನಾಗ ರಿಟೈರ್. ಮುಂದ ಬರೋರು ಹೆಂಗಿರ್ತಾರೋ ಏನೋ."

ನಿಜ. ಪ್ರತಿ ವರ್ಷ ವೀಸಾ ರಿನ್ಯೂ ಆಗುವ ತನಕ ಅನ್ನ ಇಳಿಯುವುದಿಲ್ಲ. ಆಗದಿದ್ದರೆ ಗಡಿ ದಾಟಿಸುತ್ತಾರೆ. ಆ ಕಡೆ ನನ್ನವರು ಅಂತ ಯಾರಿದ್ದಾರೆ?

೧೦ ಫೆಬ್ರವರಿ

ವಕೀಲ ಬಸವಕುಮಾರ್ ಹತ್ತಿರ ಹೋಗಿದ್ದೆ. ಚಿಕ್ಕ ವಯಸ್ಸು, ಭಾಳ ಅವಸರ. ಹುಟ್ಟಿದ್ದು? ಇದೇ ಚಿತ್ತವಾಡ್ಗಿ, ೧೯೫೫. ಮದುವೆ? ೧೯೭೬, ಕರಾಚಿಯ ಅತ್ತೆ ಮಗ. ಪಾಸ್‌ಪೋರ್ಟ್? ಆ ದೇಶದ್ದು. ವಾಪಸ್? ೧೯೮೩, ತಲಾಖ್ ಆದ ಮೇಲೆ. ನನ್ನ ಬದುಕನ್ನೆಲ್ಲ ಅರ್ಧ ಹಾಳೆಯಲ್ಲಿ ಮುಗಿಸಿದ.

ಅಲ್ಲಿದ್ದ ಏಳು ವರ್ಷ ಬರೆದುಕೊಳ್ಳಲಿಲ್ಲ. ಕನ್ನಡ ಆಡಲು ಒಬ್ಬರೂ ಇರಲಿಲ್ಲ. ಬಟ್ಟೆ ಅಳೆಯುವಾಗ ಮಾತ್ರ ಒಂದು, ಎರಡು, ಮೂರು ಅಂತ ಜೋರಾಗಿ ಎಣಿಸುತ್ತಿದ್ದೆ. ಅತ್ತೆಗೆ ಸಿಟ್ಟು ಬರುತ್ತಿತ್ತು. ಅದಕ್ಕೇ ಇನ್ನೂ ಜೋರಾಗಿ ಎಣಿಸುತ್ತಿದ್ದೆ.

ಕೊನೆಗೆ ಕೇಳಿದ: "ಇಲ್ಲಿ ಬಳಗ ಯಾರದಾರ?" ಅಪ್ಪ, ಅಮ್ಮ, ಅಣ್ಣ ಎಲ್ಲಾ ತೀರಿಹೋದರು. "ರಕ್ತಸಂಬಂಧ ಇಲ್ಲಂದ್ರ ಕೇಸ್ ವೀಕ್ ಆಕೈತ್ರಿ. ಊರಿನ ಜನದ ಜೋಡಿ ಸಂಬಂಧ ಐತಿ ಅಂತ ಪ್ರೂಫ್ ಬೇಕು. ಮದುವಿ ಫೋಟೋ ಗಿಟೋ ತರ್ರಿ."

೧೩ ಫೆಬ್ರವರಿ, ಭಾನುವಾರ

ಪಂಪಮ್ಮ ಮನೆಯ ಆಲ್ಬಮ್ಮುಗಳನ್ನೆಲ್ಲ ಸೆರಗಲ್ಲಿ ಕಟ್ಟಿಕೊಂಡು ಬಂದಳು. ಒಂದನೇ ಕ್ಲಾಸಿನಿಂದ ಗೆಳತಿ. ಎದುರು ಮನೆ. ನಾನು ಕರಾಚಿಯಿಂದ ಬಂದ ದಿನ ಏನೂ ಕೇಳದೆ ರೊಟ್ಟಿ ತಟ್ಟಿ ಬಡಿಸಿದವಳು.

ಹನ್ನೊಂದು ಮದುವೆ ನೋಡಿದೆವು. ಎಲ್ಲಾ ವಧುಗಳ ಬ್ಲೌಸೂ ನನ್ನದೇ. ಒಂದರಲ್ಲೂ ನಾನಿಲ್ಲ. ಫೋಟೋ ತೆಗೆಯುವ ಹೊತ್ತಿಗೆ ನಾನು ಯಾವಾಗಲೂ ಒಳಕೋಣೆಯಲ್ಲಿ, ಬಾಯಲ್ಲಿ ಪಿನ್ನು ಕಚ್ಚಿಕೊಂಡು, ಯಾರದೋ ಹುಕ್ಕು ಬಿಗಿ ಮಾಡುತ್ತಾ. ಪಂಪಮ್ಮ ಬೈದಳು. "ಒಂದರಾಗರ ಬಂದು ನಿಂದ್ರಬಾರ್ದೇನಲೇ?"

ಕೊನೆಗೆ ಒಂದು ಸಿಕ್ಕಿತು. ಅವಳ ಮಗಳು ತ್ರಿವೇಣಿಯ ಕುಬಸ. ಚೊಚ್ಚಲ ಬಸುರಿಗೆ ತವರಿನವರು ಹಸಿರು ಸೀರೆ, ಹಸಿರು ಕುಪ್ಪಸ ಉಡಿಸುವ ದಿನ. ಹಸಿರು ಉಟ್ಟು ಕುಂತಿದಾಳೆ ಹುಡುಗಿ. ಪಕ್ಕದಲ್ಲಿ ನಾನು, ಕೊರಳಲ್ಲಿ ಟೇಪು. ಎಷ್ಟು ನಗು ನನ್ನ ಮುಖದಲ್ಲಿ! ಕೂದಲೆಲ್ಲ ಕಪ್ಪು. ಬಹಳ ಹೊತ್ತು ನೋಡಿದೆ.

ಆಮೇಲೆ ತಿರುಗಿಸಿದೆ. ಹಿಂದೆ ಸ್ಟುಡಿಯೋ ಮೊಹರು. ಕಂಪ್ಲಿ, ೨-೬-೧೯೯೪.

ನನ್ನ ವೀಸಾ ಹೊಸಪೇಟೆ ಊರಿಗೆ ಮಾತ್ರ. ತ್ರಿವೇಣಿಯ ಗಂಡನ ಊರು ಕಂಪ್ಲಿಗೆ ಹೋಗಬೇಕಾದರೆ ಎರಡು ದಿನ ಮೊದಲೇ ಬರೆದುಕೊಟ್ಟು ಪರ್ಮಿಶನ್ ತಗೋಬೇಕಿತ್ತು. ಆವತ್ತು ತಗೊಂಡಿರಲಿಲ್ಲ.

೧೪ ಫೆಬ್ರವರಿ

ಕೆಲಸ ಓಡಲಿಲ್ಲ. ಆ ದಿನವೇ ಕಣ್ಣ ಮುಂದೆ.

ಅಳತೆ ನನ್ನ ತಪ್ಪು. ಹಳೇ ಬ್ಲೌಸ್ ಇಟ್ಟುಕೊಂಡು ಹೊಲಿದಿದ್ದೆ. ಏಳು ತಿಂಗಳ ಬಸುರಿಯ ತೋಳು ಊದಿರುತ್ತದೆ ಅಂತ ಹೊಳೆಯಲಿಲ್ಲ. ಬೆಳಿಗ್ಗೆ ಎಸ್‌ಟಿಡಿ ಬೂತಿಗೆ ಪಂಪಮ್ಮನ ಫೋನ್ ಬಂತು. ತೋಳು ಏರುತ್ತಿಲ್ಲ, ಹುಡುಗಿ ಅಳುತ್ತಿದಾಳೆ, ಬೀಗರು ಮಾತಾಡುತ್ತಿದಾರೆ, ಮುಹೂರ್ತ ಹನ್ನೆರಡಕ್ಕೆ. ಕತ್ತರಿ, ದಾರ, ಹಸಿರು ತುಂಡು ತಗೊಂಡು ಬಸ್ ಹತ್ತಿದೆ. ಪರ್ಮಿಶನ್ ನೆನಪೇ ಆಗಲಿಲ್ಲ ಅಂತ ಬರೆದರೆ ಸುಳ್ಳು. ಆಗಿತ್ತು. ಬಸ್ಸು ಊರು ದಾಟುವ ತನಕ ಸೆರಗು ಮುಖಕ್ಕೆ ಎಳೆದುಕೊಂಡು ಕುಂತಿದ್ದೆ. ಆಮೇಲೆ ಬಾಳೆ ತೋಟ, ಕಬ್ಬು, ಕಾಲುವೆ ನೀರಿನ ವಾಸನೆ... ಕಿಟಕಿಯಿಂದ ಮುಖ ಒಳಗೆ ತಗೊಳ್ಳಲೇ ಇಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಸಲ.

ತೋಳಿಗೆ ಪಟ್ಟಿ ಕೊಟ್ಟೆ. ಹನ್ನೆರಡಕ್ಕೆ ಐದು ನಿಮಿಷ ಇತ್ತು.

೧೬ ಫೆಬ್ರವರಿ

ಬಸವಕುಮಾರ್ ಫೋಟೋ ನೋಡಿ ಹಿಗ್ಗಿದ, ತಿರುಗಿಸಿ ಕುಗ್ಗಿದ. "ಇದಕ್ಕಿಂತ ಚಲೋ ಪ್ರೂಫ್ ಇಲ್ಲ. ಇದಕ್ಕಿಂತ ಡೇಂಜರೂ ಇಲ್ಲ." ಅರ್ಜಿಯಲ್ಲಿ ಒಂದು ಕಾಲಂ ಇದೆ. ಯಾವಾಗಲಾದರೂ ಅನುಮತಿ ಇಲ್ಲದೆ ಊರು ಬಿಟ್ಟಿದ್ದೀರಾ? "ಇಲ್ಲ ಅಂತ ಬರೀರಿ. ಮೊಹರಿನ ಮ್ಯಾಲ ಒಂದು ಹಾಳಿ ಅಂಟಸ್ರಿ. ಹೊಸಪೇಟೆ ಫೋಟೋ ಅಂತೀವಿ. ಯಾರು ನೋಡ್ತಾರ?"

ಹಾಳೆ ಕತ್ತರಿಸಿದೆ. ಗೋಂದು ಹಚ್ಚಿದೆ.

೨ ಮಾರ್ಚ್

ಅಂಟಿಸಲಿಲ್ಲ. ಗೋಂದು ಒಣಗಿತು. ನನ್ನ ಬದುಕಲ್ಲಿ ಯಾರಿಗೋ ನಾನು ಬೇಕು ಅಂತ ಓಡಿದ ದಿನ ಅದೊಂದೇ. ಅದನ್ನೇ ಆಗಲಿಲ್ಲ ಅಂತ ಬರೆಯಲು ಕೈ ಬರಲಿಲ್ಲ. ಕಾಲಂನಲ್ಲಿ ಬರೆದೆ: ಹೌದು. ಒಂದು ಸಲ. ಕಂಪ್ಲಿ. ಕುಪ್ಪಸ ಬಿಗಿಯಾಗಿತ್ತು.

ಬಸವಕುಮಾರ್ ಹಣೆ ಹಿಡಿದುಕೊಂಡ.

೧೧ ಮಾರ್ಚ್

ಬಳ್ಳಾರಿಗೆ ಹೋಗಿ ಅರ್ಜಿ ಕೊಟ್ಟೆ. ಪರ್ಮಿಶನ್ ಕೇಳಲು ಹೋಗುವುದಕ್ಕೂ ಪರ್ಮಿಶನ್ ತಗೊಂಡು.

೧೯ ಸೆಪ್ಟೆಂಬರ್ ೨೦೦೫

ಎನ್ಕ್ವೈರಿ. ಅಧಿಕಾರಿ ಹೊಸಬರು. ಫೋಟೋ ತಿರುಗಿಸಿದರು, ಕಾಲಂ ಓದಿದರು, ನನ್ನ ಮುಖ ನೋಡಿದರು.

"ಮತ್ತ ಕರದಿದ್ರ ಮತ್ತ ಹೋಗ್ತಿದ್ರೇನು?"

ಬಸವಕುಮಾರ್ ಮೇಜಿನ ಕೆಳಗೆ ಕಾಲು ತುಳಿದ. ಚಪ್ಪಲಿ ಸಮೇತ. "ಹೋಗ್ತಿದ್ದೆ ರೀ" ಅಂದೆ.

ಪಂಪಮ್ಮನನ್ನ ಕೇಳಿದರು. "ನಿಮಗ ಇವ್ರು ಏನಾಗಬೇಕು?"

ಊರಿಗೆಲ್ಲ ಮಾತು ಕಲಿಸುವವಳು ಕುರ್ಚಿ ಮುಂದೆ ಎಳೆದುಕೊಂಡಳು. ಆಮೇಲೆ ಹೇಳಿದಳು: "ಸಾಹೇಬ್ರ, ಆವತ್ತು ನನ್ನ ಮಗಳು ಅಳ್ಕೋಂತ ಕುಂತಿದ್ಲು. ನನ್ನ ಒಡಹುಟ್ಟಿದ ತಂಗಿ ಅದ ಕಂಪ್ಲ್ಯಾಗಿದ್ಲು, ಬಿಸಲು ಭಾಳ ಐತಿ ಅಂತ ಬರ್ಲಿಲ್ಲ. ಈಕಿ, ಸಿಕ್ಕಿದ್ರ ದೇಶಾನ ಬಿಡಸ್ತಾರ ಅಂತ ಗೊತ್ತಿದ್ದೂ ಬಂದ್ಲು. ಏನಾಗಬೇಕು ಅಂತ ನೀವ ಬರ್ಕೊಳ್ರಿ."

ಅವರು ಪೆನ್ನು ಹಿಡಿದು ಫೈಲಿನ ಮೇಲೆ ಬಗ್ಗಿದರು. ಏನು ಬರೆದರೋ ಕಾಣಲಿಲ್ಲ.

೧೩ ಮಾರ್ಚ್ ೨೦೦೬

ಫೈಲು ದಿಲ್ಲಿಗೆ ಹೋಗಿದೆಯಂತೆ. ನನಗಿಂತ ಅದೇ ಜಾಸ್ತಿ ತಿರುಗಿದೆ.

೨೨ ಜನವರಿ ೨೦೦೭

ಬಂತು. ಆಯಿತು. ಆ ಪಾಸ್‌ಪೋರ್ಟ್ ಒಪ್ಪಿಸಿದೆ. ಪೌರತ್ವದ ಪ್ರಮಾಣಪತ್ರ ಟ್ರಂಕಿನಲ್ಲಿಟ್ಟೆ, ತೆಗೆದೆ, ಮತ್ತೆ ಇಟ್ಟೆ. ಅಮ್ಮ ಇದನ್ನ ನೋಡಬೇಕಿತ್ತು. ಸಾಯಂಕಾಲದ ತನಕ ಅಳುತ್ತ ಕುಂತೆ. ಇಷ್ಟು ವರ್ಷ ಅಳಲಿಕ್ಕೂ ಹೆದರಿಕೊಂಡಿದ್ದೆ ಅಂತ ಇವತ್ತು ಗೊತ್ತಾಯಿತು.

೨೮ ಜನವರಿ, ಭಾನುವಾರ, ಬೆಳಿಗ್ಗೆ ೫:೪೦

ಹಂಪಿಗೆ ಹೊರಟಿದ್ದೇವೆ, ಪಂಪಮ್ಮ ಮತ್ತು ನಾನು. ಹನ್ನೆರಡೇ ಕಿಲೋಮೀಟರ್. ನಾನು ನೋಡಿದ್ದು ಏಳನೇ ಕ್ಲಾಸಿನಲ್ಲಿ, ಮೇಷ್ಟ್ರು ಸಾಲಾಗಿ ನಡೆಸಿಕೊಂಡು ಹೋಗಿದ್ದಾಗ.

ನಿನ್ನೆ ಅವಳನ್ನ ಕೇಳಿದೆ, ವಾಪಸ್ ಎಷ್ಟಕ್ಕೆ ಅಂತ.

"ಯಾಕ? ಯಾರಿಗೆ ಬರ್ದು ಕೊಡಬೇಕಾಗೇತಿ?"

ಇಷ್ಟು ವರ್ಷದ ರೂಢಿ, ಬಾಯಿಗೆ ತಾನೇ ಬಂದಿತ್ತು. ಹೊರಗಿಂದ ಕೂಗುತ್ತಿದಾಳೆ. ಬಂದೆ ತಾಯಿ, ಬಂದೆ. ಬಾಗಿಲು ಹಾಕಿ—