ತೀರಿಕೊಂಡವಳಿಗೆ ಇಪ್ಪತ್ತಕ್ಕೆ ಇಪ್ಪತ್ತು

ಶಾಲಾ ಮಕ್ಕಳ ಆರೋಗ್ಯ ಜ್ಞಾನವನ್ನು ಅಳೆಯುವ ಮಾನ್ಯ ಅಧಿಕಾರಿಗಳೇ,

ತೀರಿಕೊಂಡು ಐದು ವಾರವಾದ ಮೇಲೆ ನನ್ನ ಮೊಮ್ಮಗಳು ನಿಮ್ಮ ಎರಡನೇ ಪರೀಕ್ಷೆ ಬರೆದು ಇಪ್ಪತ್ತಕ್ಕೆ ಇಪ್ಪತ್ತು ಅಂಕ ಪಡೆದಿದ್ದಾಳೆ. ಬದುಕಿದ್ದಾಗ ಬರೆದ ಮೊದಲ ಪರೀಕ್ಷೆಯಲ್ಲಿ ಬಂದದ್ದು ಹದಿಮೂರು. ಈ ಪ್ರಗತಿಗಾಗಿ ನಿಮ್ಮ ಕಚೇರಿ ಮುದ್ರೆ ಒತ್ತಿ ಅಭಿನಂದನೆಯನ್ನೂ ಕಳಿಸಿದೆ. ಅದನ್ನು ಯಾರ ಕೈಗೆ ಕೊಡಬೇಕು ಎಂಬುದನ್ನು ಮಾತ್ರ ತಿಳಿಸಿಲ್ಲ.

ನಾನು ಓದಿದ್ದು ಕಡಿಮೆ. ಗುಂಡಿ ಹಚ್ಚುವ ಕೆಲಸದಿಂದ ಶುರುಮಾಡಿ, ಇಪ್ಪತ್ತೆರಡು ವರ್ಷಗಳಿಂದ ಅವಳು ಓದುತ್ತಿದ್ದ ಶಾಲೆಯ ಮಕ್ಕಳಿಗೆ ಸಮವಸ್ತ್ರ ಹೊಲಿಯುತ್ತಿದ್ದೇನೆ. ಹಾಗಾಗಿ ಕಾಗದದಲ್ಲಿ ನಾನು ಮೊದಲು ನೋಡುವುದು ಅಂಕವನ್ನಲ್ಲ, ಅಳತೆಯನ್ನು. ನಿಮ್ಮ ಮೊದಲ ಹಾಳೆಯಲ್ಲಿ ಅವಳ ಎತ್ತರ ನೂರಿಪ್ಪತ್ತೆಂಟು ಸೆಂಟಿಮೀಟರ್, ಎರಡನೆಯದರಲ್ಲಿ ನೂರಮೂವತ್ತು. ಅಂದಾಜು ಹಾಕಿದವರು ಬಲ್ಲವರೇ ಇರಬೇಕು. ಹತ್ತು ವರ್ಷದ ಹುಡುಗಿ ನಾಲ್ಕು ತಿಂಗಳಲ್ಲಿ ಹೆಚ್ಚುಕಡಿಮೆ ಅಷ್ಟೇ ಬೆಳೆಯುತ್ತಾಳೆ. ಆ ಹಾಳೆ ಬಂದ ಸಂಜೆ ನಾನು ಅವಳ ಲಂಗವನ್ನು ಪೆಟ್ಟಿಗೆಯಿಂದ ತೆಗೆದು, ಅಂಚಿನ ಮಡಿಕೆ ಬಿಚ್ಚಿ, ಎರಡು ಸೆಂಟಿಮೀಟರ್ ಇಳಿಸಿ ಹೊಲಿದೆ. ದಾರ ಕತ್ತರಿಸುವಾಗ, ಮಾಡಿದ್ದೇನು ಎಂಬುದು ಅರಿವಾಯಿತು. ಬಿಚ್ಚಲು ಕೈ ಬರಲಿಲ್ಲ. ಈಗಲೂ ಹಾಗೇ ಇದೆ.

ಹಾಳೆಯನ್ನು ಮನೆಗೆ ತಂದುಕೊಟ್ಟವಳು ಅವಳ ಪಕ್ಕ ಕೂರುತ್ತಿದ್ದ ಗೆಳತಿ. ಅಕ್ಷರ ನನ್ನ ಮೊಮ್ಮಗಳದೇ. ಅದೇ ಬಾಲ ಎಳೆದ ಅಕ್ಷರ, ಅದೇ ಒತ್ತಿ ಬರೆದ ಪೂರ್ಣವಿರಾಮ.

"ನಾನೇ ಬರೆದೆ ಅಜ್ಜಿ," ಎಂದಳು ಹುಡುಗಿ. "ಟೀಚರ್ ಹೇಳಿದ್ರು. ಅವಳ ಥರ ಬರೆಯೋಕೆ ನಂಗೆ ಬರುತ್ತೆ. ಚೆನ್ನಾಗಿ ಬಂದಿದೆ ಅಲ್ವಾ?"

ಮರುದಿನ ಮುಖ್ಯೋಪಾಧ್ಯಾಯರ ಮುಂದೆ ಹೋಗಿ ಕುಳಿತೆ. ಕೆಟ್ಟವರಲ್ಲ, ತಲೆ ಎತ್ತಿ ನನ್ನನ್ನು ನೋಡಲು ಅವರಿಗೆ ಆಗಲಿಲ್ಲ.

"ಏನ್ ಮಾಡ್ಲಿ ಹೇಳಿ ಅಮ್ಮ? ಮೊದಲ ಸಲ ನಲವತ್ತೊಂದು ಮಕ್ಕಳು ಬರೆದಿದ್ರು. ಎರಡನೇ ಸಲ ನಲವತ್ತು ಅಂತ ಹಾಕಿದ್ರೆ ಕಂಪ್ಯೂಟರ್ ತಗೊಳ್ಳೋದೇ ಇಲ್ಲ."

"ಸತ್ತೋರಿಗೆ ಅಂತ ಒಂದು ಖಾನೆ ಇಟ್ಟಿಲ್ವಾ ಸಾರ್?"

"ಜ್ವರ ಬಂದು ಮಲಗಿದೋರಿಗೇ ಇಲ್ಲಮ್ಮ."

ಕುಡಿಯಲು ನೀರು ಕೇಳಿದೆ. ತಾವು ಮನೆಯಿಂದ ತಂದಿದ್ದ ಬಾಟಲಿಯನ್ನೇ ಕೊಟ್ಟರು. ಅಷ್ಟರಲ್ಲಿ ಯಾರೋ ಕರೆದರೆಂದು ಎದ್ದುಹೋದರು. ಮೇಜಿನ ಮೇಲೆ ನಿಮ್ಮ ಮೊದಲ ಪರೀಕ್ಷೆಯ ಕಟ್ಟು ಇತ್ತು. ಎಣಿಸುವುದು ನನ್ನ ಹಳೆಯ ಚಟ, ಎಣಿಸಿದೆ.

ಒಂಬತ್ತನೇ ಪ್ರಶ್ನೆ: ನೀರು ಕುಡಿಯುವ ಮುನ್ನ ಏನು ಮಾಡಬೇಕು? ನನ್ನ ಮೊಮ್ಮಗಳು ಬರೆದದ್ದು: "ಲೋಟವನ್ನು ಬೆಳಕಿಗೆ ಹಿಡಿದು ಹುಳ ಇದೆಯಾ ನೋಡಬೇಕು." ಕೆಂಪು ಗೆರೆ, ಸೊನ್ನೆ. ಇನ್ನೊಬ್ಬ, "ಮೂಗು ಮುಚ್ಚಿಕೊಳ್ಳಬೇಕು." ಸೊನ್ನೆ. ಮತ್ತೊಬ್ಬಳು, "ಕರವಸ್ತ್ರದಲ್ಲಿ ಸೋಸಬೇಕು, ಅಮ್ಮನಿಗೆ ಹೇಳಬಾರದು." ಸೊನ್ನೆ. ನಲವತ್ತೊಂದರಲ್ಲಿ ಇಪ್ಪತ್ತಾರು ಮಕ್ಕಳದು ಇದೇ ಬಗೆಯ ಉತ್ತರ. ಕುದಿಸಿ ಆರಿಸಬೇಕು ಎಂಬುದು ನಿಮ್ಮ ಸರಿ ಉತ್ತರ. ನನ್ನ ಮನೆಯಲ್ಲಿ ಕುದಿಸಿದ್ದನ್ನೇ ಕುಡಿಯುತ್ತಿದ್ದಳು. ಶಾಲೆಯ ತೊಟ್ಟಿಯ ನೀರನ್ನು ಅವಳು ಎಲ್ಲಿ ಕುದಿಸಬೇಕಿತ್ತು, ಕಂಪಾಸು ಪೆಟ್ಟಿಗೆಯಲ್ಲೇ?

ಮಾನ್ಯರೇ, ಇಪ್ಪತ್ತಾರು ಮಕ್ಕಳು ತೊಟ್ಟಿಯಲ್ಲಿ ಏನಿದೆ ಎಂದು ನಿಮಗೆ ಬರೆದು ತಿಳಿಸಿದ್ದರು. ನೀವು ಅದನ್ನು ಅಜ್ಞಾನವೆಂದು ಕೂಡಿಸಿ, ಶೇಕಡಾವಾರು ತೆಗೆದು, ಕೈ ತೊಳೆಯುವ ಚಿತ್ರಪಟ ಕಳಿಸಿದಿರಿ. ಮೊದಲ ಪರೀಕ್ಷೆಯಾಗಿ ಮೂರು ತಿಂಗಳು ತುಂಬುವ ಮೊದಲೇ, ಒಂದೇ ವಾರದಲ್ಲಿ ಆ ತರಗತಿಯ ಒಂಬತ್ತು ಮಕ್ಕಳು ಆಸ್ಪತ್ರೆ ಸೇರಿದರು. ನೀರಿನಿಂದ ಬಂದದ್ದು ಎಂದು ವೈದ್ಯರು ಬರೆದುಕೊಟ್ಟಿದ್ದಾರೆ. ಎಂಟು ಮಕ್ಕಳು ಮನೆಗೆ ಬಂದರು.

ತೊಟ್ಟಿ ತೊಳೆಸಿ ಎಂದು ಅರ್ಜಿ ಕೊಟ್ಟೆ. ನಿಮ್ಮ ಉತ್ತರ ನನ್ನ ಹೊಲಿಗೆ ಯಂತ್ರದ ಪಕ್ಕದಲ್ಲೇ ಇದೆ: "ಎರಡನೇ ಪರೀಕ್ಷೆಯಲ್ಲಿ ಸದರಿ ತರಗತಿಯ ಎಲ್ಲಾ ಮಕ್ಕಳೂ ಒಂಬತ್ತನೇ ಪ್ರಶ್ನೆಗೆ ಸರಿಯುತ್ತರ ನೀಡಿರುವುದರಿಂದ ವಿಷಯವನ್ನು ಮುಕ್ತಾಯಗೊಳಿಸಲಾಗಿದೆ." ಆ ಎಲ್ಲಾ ಮಕ್ಕಳಲ್ಲಿ ನನ್ನ ಮೊಮ್ಮಗಳೂ ಒಬ್ಬಳು. ಅವಳನ್ನು ಕೊಂದ ನೀರಿಗೆ ಅವಳ ಕೈಯಿಂದಲೇ ಯೋಗ್ಯತಾಪತ್ರ ಬರೆಸಿದ್ದೀರಿ.

ಟೀಚರನ್ನು ಅಮಾನತು ಮಾಡಿ ಕೈತೊಳೆದುಕೊಳ್ಳಬೇಡಿ. ನಾನು ಕೇಳುತ್ತಿರುವುದು ಅದಲ್ಲ. ಮುಚ್ಚಿದ ಕಡತ ತೆರೆಯಿರಿ. ಆ ಇಪ್ಪತ್ತಾರು ಸೊನ್ನೆಗಳನ್ನು ದೂರು ಎಂದು ದಾಖಲಿಸಿ. ಪರೀಕ್ಷೆ ಬರೆದವರ ಪಟ್ಟಿಯಿಂದ ನನ್ನ ಮೊಮ್ಮಗಳ ಹೆಸರು ತೆಗೆಯಿರಿ.

ಬರುವ ತಿಂಗಳು ಮೂರನೇ ಪರೀಕ್ಷೆಯಂತೆ. ನಿನ್ನೆ ಆ ಗೆಳತಿ ಲಂಗದ ಅಳತೆ ಕೊಡಲು ಬಂದಿದ್ದಳು. ಟೇಪು ಹಿಡಿದಾಗ ಕೇಳಿದಳು: "ಅಜ್ಜಿ, ಈ ಸಲಾನೂ ಅವಳದ್ದು ನಾನೇ ಬರೀಬೇಕಾ?"

ಆ ಹುಡುಗಿ ಇವತ್ತೂ ಅದೇ ತೊಟ್ಟಿಯ ನೀರು ಕುಡಿಯುತ್ತಿದ್ದಾಳೆ. ಪಕ್ಕದಲ್ಲಿ ಕೂರುವ ಇನ್ನೊಬ್ಬಳು ಇವಳ ಅಕ್ಷರ ಕಲಿಯಬೇಕಾಗುವ ಮೊದಲು ಆ ತೊಟ್ಟಿಯನ್ನು ತೊಳೆಸಿ.

ಇಂತಿ,
ನಿಮ್ಮ ಯಾವ ಖಾನೆಗೂ ಹೊಂದದ
ಒಬ್ಬಳು ಅಜ್ಜಿ